ಸಾಲಿನ ಸವಾರಿ ಮತ್ತು ಎರಡು ಸೆಕೆಂಡುಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಣ ನಾಡು. ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಸಾಗುವವನಿಗೆ ಮೆಕ್ಕೆಜೋಳದ ಹೊಲಗಳು, ಕೆರೆಗಳು, ಗದ್ದೆಗಳು, ಅಡಕೆ ತೋಟಗಳು ಒಂದಾದ ಮೇಲೊಂದು ಕಾಣಸಿಗುತ್ತವೆ. ದೀಪಾವಳಿ ಕಳೆಯಿತೆಂದರೆ ಈ ಸೀಮೆಯ ಊರುಗಳಲ್ಲಿ ಹೋರಿ ಬೆದರಿಸುವ ಹಬ್ಬ. ಮಳೆ ಹಿಡಿಯಿತೆಂದರೆ ಜೋಗ ನೋಡುವ ಆಸೆ. ಐದಾರು ಮಂದಿ ಗೆಳೆಯರು ಮೋಟಾರ್ ಸೈಕಲ್ಲುಗಳನ್ನೇರಿ ಒಬ್ಬರ ಹಿಂದೊಬ್ಬರು ಸಾಲಾಗಿ ಹೊರಡುವ ದೃಶ್ಯ ಇಲ್ಲಿ ಅಪರೂಪವೇನೂ ಅಲ್ಲ.

ಇಂತಹ ಸಾಲಿನಲ್ಲಿ ಅಪಘಾತವಾದರೆ ಕೆಲವರು ಗ್ರಹಚಾರವೆನ್ನುತ್ತಾರೆ, ಕೆಲವರು ವೇಗವನ್ನು ದೂರುತ್ತಾರೆ. ಆದರೆ ಇಲ್ಲೊಂದು ಪ್ರಶ್ನೆ ಏಳುತ್ತದೆ. ಐವರೂ ಒಂದೇ ವೇಗದಲ್ಲಿ ಹೋಗುತ್ತಿದ್ದಾರೆ. ಐವರ ವಾಹನಗಳೂ ಒಂದೇ ಬಗೆಯವು. ಮುಂದಿನವನು ಬ್ರೇಕು ಹಾಕಿದರೆ ಹಿಂದಿನವನೂ ಹಾಕುತ್ತಾನೆ. ಹೀಗಿರುವಾಗ ಡಿಕ್ಕಿ ಏಕೆ ಆಗಬೇಕು? ಈ ಪ್ರಶ್ನೆಗೆ ಉತ್ತರವನ್ನು ಪ್ರೌಢಶಾಲೆಯಲ್ಲಿ ಕಲಿತ ಚಲನ ಸಮೀಕರಣಗಳಿಂದಲೇ ಪಡೆಯಬಹುದು. ಈ ಲೇಖನದಲ್ಲಿ ಅದನ್ನು ಹಂತಹಂತವಾಗಿ ವಿಚಾರ ಮಾಡೋಣ.

ಕಣ್ಣಿಗೂ ಕೈಗೂ ನಡುವೆ

ಮೊದಲು ಒಂದು ಸುಲಭವಾದ ಪ್ರಯೋಗ. ಗೆಳೆಯನೊಬ್ಬನು ೩೦ ಸೆಂಟಿಮೀಟರಿನ ಅಳತೆಪಟ್ಟಿಯನ್ನು ಮೇಲ್ತುದಿಯಲ್ಲಿ ಹಿಡಿದು ನೇರವಾಗಿ ತೂಗುಬಿಡಲಿ. ನೀವು ಅದರ ಕೆಳತುದಿಯ ಇಕ್ಕೆಲಗಳಲ್ಲಿ ಹೆಬ್ಬೆರಳನ್ನೂ ತೋರುಬೆರಳನ್ನೂ ಮುಟ್ಟದಂತೆ ಹಿಡಿದು ಕಾದಿರಿ. ಅವನು ಹೇಳದೆ ಕೈಬಿಟ್ಟೊಡನೆ ಪಟ್ಟಿಯನ್ನು ಹಿಡಿಯಬೇಕು. ಸಾಮಾನ್ಯವಾಗಿ ಪಟ್ಟಿ ಸುಮಾರು ೨೦ ಸೆಂಟಿಮೀಟರು ಜಾರಿದ ಮೇಲೆ ಕೈಗೆ ಸಿಗುವುದು. ಬೀಳುವ ವಸ್ತು ಅಷ್ಟು ದೂರವನ್ನು ಕ್ರಮಿಸಲು ೦.೨ ಸೆಕೆಂಡು ಬೇಕು. ಕಣ್ಣು ಕಂಡದ್ದನ್ನು ಮಿದುಳು ಅರಿತು, ಸ್ನಾಯುಗಳಿಗೆ ಆಜ್ಞೆ ತಲಪಿಸುವ ಈ ಅವಧಿಗೆ ಪ್ರತಿಕ್ರಿಯಾ ಕಾಲವೆಂದು ಹೆಸರು.

ಪ್ರಯೋಗದಲ್ಲಿ ಬರಲಿರುವುದು ಏನೆಂಬುದು ನಮಗೆ ಮೊದಲೇ ತಿಳಿದಿದೆ. ರಸ್ತೆಯಲ್ಲಿ ಹಾಗಲ್ಲ. ಅಡ್ಡ ಬಂದದ್ದು ಎಮ್ಮೆಯೇ, ನೆರಳೇ ಎಂದು ನಿರ್ಧರಿಸಬೇಕು. ಕೈಯನ್ನೂ ಕಾಲನ್ನೂ ಬ್ರೇಕಿಗೆ ತರಬೇಕು. ಎಚ್ಚರವಾಗಿರುವ ಸವಾರನಿಗೂ ಇದಕ್ಕೆಲ್ಲ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಗಂಟೆಗೆ ೬೦ ಕಿಲೊಮೀಟರು ವೇಗವೆಂದರೆ ಸೆಕೆಂಡಿಗೆ ೧೬.೭ ಮೀಟರು. ಎಂದರೆ, ಬ್ರೇಕು ಕೆಲಸ ಮಾಡಲು ತೊಡಗುವ ಮೊದಲೇ ವಾಹನ ೧೬.೭ ಮೀಟರು ಮುಂದೆ ಹೋಗಿರುತ್ತದೆ. ಎಷ್ಟು ಬೆಲೆಬಾಳುವ ಬ್ರೇಕಾದರೂ ಈ ದೂರವನ್ನು ಕಡಿಮೆಮಾಡಲಾರದು.

ನಿಲ್ಲುವ ದೂರ

ಬ್ರೇಕು ಹಿಡಿದ ಮೇಲೆ ವಾಹನವನ್ನು ನಿಲ್ಲಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಒಣಗಿದ ಡಾಂಬರಿನ ಮೇಲೆ ಘರ್ಷಣಾಂಕವನ್ನು ೦.೭ ಎಂದು ಹಿಡಿದರೆ, ವೇಗವು ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ೭ ಮೀಟರಿನಷ್ಟು ಕುಗ್ಗುತ್ತದೆ. ವೇಗದ ವರ್ಗವನ್ನು ಈ ದರದ ಎರಡರಷ್ಟರಿಂದ ಭಾಗಿಸಿದರೆ ಬ್ರೇಕಿನ ದೂರ ದೊರೆಯುವುದು. ೬೦ ಕಿಲೊಮೀಟರು ವೇಗಕ್ಕೆ ಇದು ಸುಮಾರು ೨೦ ಮೀಟರು. ಮಳೆಯಲ್ಲಿ ನೆನೆದ ರಸ್ತೆಗೆ ಘರ್ಷಣಾಂಕ ೦.೪ ಎಂದುಕೊಂಡರೆ ಸುಮಾರು ೩೫ ಮೀಟರು. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಒಣಗಲು ಹರವಿದ ಮೆಕ್ಕೆಜೋಳದ ಮೇಲೆಯೋ, ಗದ್ದೆಯಿಂದ ಬಂದ ಟ್ರಾಕ್ಟರು ಉದುರಿಸಿದ ಕೆಸರಿನ ಮೇಲೆಯೋ ಘರ್ಷಣಾಂಕ ೦.೨ಕ್ಕೆ ಇಳಿದರೆ ಸುಮಾರು ೭೦ ಮೀಟರು! ವೇಗವನ್ನು ಇಮ್ಮಡಿಸಿದರೆ ಈ ದೂರಗಳು ನಾಲ್ಮಡಿಯಾಗುತ್ತವೆಂಬುದನ್ನೂ ಮರೆಯಬಾರದು.

ಕೂಡುತ್ತ ಹೋಗುವ ಕೊರತೆ

ಈಗ ಸಾಲಿನ ಸಮಸ್ಯೆಗೆ ಬರೋಣ. ಐವರು ಸವಾರರು ೬೦ ಕಿಲೊಮೀಟರು ವೇಗದಲ್ಲಿ, ಇಬ್ಬರ ನಡುವೆ ೧೦ ಮೀಟರು ಅಂತರವಿಟ್ಟು ಹೋಗುತ್ತಿರುವರೆಂದು ಭಾವಿಸೋಣ. ರಸ್ತೆ ಒಣಗಿದೆ, ಬ್ರೇಕುಗಳು ಸಮನಾಗಿವೆ. ಮೊದಲನೆಯವನು ಎಮ್ಮೆಯೊಂದನ್ನು ಕಂಡು ಬ್ರೇಕು ಹಾಕುತ್ತಾನೆ. ಎರಡನೆಯವನ ಬ್ರೇಕು ಒಂದು ಸೆಕೆಂಡು ತಡವಾಗಿ ಹಿಡಿಯುತ್ತದೆ.

ಆ ಒಂದು ಸೆಕೆಂಡಿನಲ್ಲಿ ಮುಂದಿನವನ ವೇಗ ಸೆಕೆಂಡಿಗೆ ೭ ಮೀಟರಿನಷ್ಟು ಕುಗ್ಗಿದೆ. ಅಂತರ ೧೦ ಮೀಟರಿನಿಂದ ೬.೫ ಮೀಟರಿಗೆ ಇಳಿದಿದೆ. ಇನ್ನು ಮುಂದೆ ಇಬ್ಬರೂ ಒಂದೇ ದರದಲ್ಲಿ ವೇಗವನ್ನು ಕಳೆದುಕೊಳ್ಳುತ್ತಾರೆ. ಆದುದರಿಂದ ಅವರ ಸಾಪೇಕ್ಷ ವೇಗ ಸೆಕೆಂಡಿಗೆ ೭ ಮೀಟರಾಗಿಯೇ ಉಳಿಯುತ್ತದೆ. ಉಳಿದ ೬.೫ ಮೀಟರು ಒಂದು ಸೆಕೆಂಡಿನೊಳಗೆ ಮುಗಿದುಹೋಗಿ, ಎರಡನೆಯವನು ಮೊದಲನೆಯವನಿಗೆ ಗಂಟೆಗೆ ೨೫ ಕಿಲೊಮೀಟರು ಸಾಪೇಕ್ಷ ವೇಗದಿಂದ ಅಪ್ಪಳಿಸುತ್ತಾನೆ. ಇಬ್ಬರ ಬ್ರೇಕೂ ಚೆನ್ನಾಗಿದ್ದುವು, ಇಬ್ಬರೂ ಎಚ್ಚರವಾಗಿದ್ದರು. ಕೊರತೆಯಾದದ್ದು ಅಂತರ ಮಾತ್ರ: ಬೇಕಾಗಿದ್ದುದು ೧೬.೭ ಮೀಟರು, ಇದ್ದುದು ೧೦.

ಹಿಂದೆ ಇರುವವರ ಗತಿಯೇನು? ಪ್ರತಿಯೊಬ್ಬನೂ ತನ್ನ ಮುಂದಿನವನ ಕೆಂಪು ದೀಪವನ್ನು ಮಾತ್ರ ನೋಡುತ್ತಿದ್ದರೆ, ಮೂರನೆಯವನ ಬ್ರೇಕು ಎರಡು ಸೆಕೆಂಡು, ನಾಲ್ಕನೆಯವನದು ಮೂರು, ಐದನೆಯವನದು ನಾಲ್ಕು ಸೆಕೆಂಡು ತಡವಾಗುವುದು. ಮೊದಲನೆಯವನಾದರೋ ಬ್ರೇಕು ಹಾಕಿದ ೨.೪ ಸೆಕೆಂಡಿಗೆ ಪೂರ್ತಿ ನಿಂತುಬಿಟ್ಟಿರುತ್ತಾನೆ! ಐದನೆಯವನಿಗೆ ಆಗ ಇನ್ನೂ ಸುದ್ದಿಯೇ ಮುಟ್ಟಿಲ್ಲ. ಒಬ್ಬೊಬ್ಬನ ಪಾಲಿಗೂ ೬.೭ ಮೀಟರಿನ ಕೊರತೆ ಸೇರುತ್ತ ಹೋಗಿ ಎರಡನೆಯವನಿಗೆ ೬.೭, ಮೂರನೆಯವನಿಗೆ ೧೩.೩, ನಾಲ್ಕನೆಯವನಿಗೆ ೨೦, ಐದನೆಯವನಿಗೆ ೨೬.೭ ಮೀಟರು ಆಗುತ್ತದೆ. ಮುಂದಾಳು ಮಾಡಿದ ಅವಸರದ ಸಾಲವನ್ನು ಬಾಲದಲ್ಲಿರುವವನು ಬಡ್ಡಿಸಹಿತ ತೀರಿಸಬೇಕಾಗುತ್ತದೆ. ಗುಂಪಿನಲ್ಲಿ ಹೊಸದಾಗಿ ಸವಾರಿ ಕಲಿತವನು ಹಿಂಜರಿದು ಕೊನೆಯಲ್ಲಿ ಉಳಿಯುವುದು ಸಹಜವಾದುದರಿಂದ, ಈ ಲೆಕ್ಕ ಇನ್ನೂ ಕಳವಳಕಾರಿಯಾದುದು.

ಎರಡು ಸೆಕೆಂಡುಗಳ ಗುಟ್ಟು

ಮುಂದಿನ ವಾಹನಕ್ಕೆ ಎರಡು ಸೆಕೆಂಡುಗಳ ಅಂತರವಿರಬೇಕೆಂದು ಸವಾರಿ ಕಲಿಸುವವರು ಹೇಳುತ್ತಾರೆ. ೬೦ ಕಿಲೊಮೀಟರು ವೇಗದಲ್ಲಿ ಇದು ೩೩ ಮೀಟರು. ಪ್ರತಿಕ್ರಿಯೆಗೆ ೧೭ ಮೀಟರು ಸಾಕಾಗಿರುವಾಗ ಉಳಿದ ೧೬ ಏತಕ್ಕೆ? ನಿಮ್ಮ ಬ್ರೇಕು ಸವೆದು, ವೇಗ ಕುಗ್ಗುವ ದರ ೭ರ ಬದಲು ೫ ಆಗಿದ್ದರೆ ನಿಲ್ಲಲು ೮ ಮೀಟರು ಹೆಚ್ಚು ಬೇಕು. ಹೊಲದ ಕಡೆಗೆ ಅರೆ ಸೆಕೆಂಡು ಕಣ್ಣು ಹಾಯಿಸಿದರೆ ಮತ್ತೆ ೮ ಮೀಟರು. ಎರಡನ್ನೂ ಕೂಡಿದರೆ ೧೬. ಆದ್ದರಿಂದ ಈ ನಿಯಮ ಅಂಜುಬುರುಕರ ಕಟ್ಟಳೆಯಲ್ಲ. ಮನುಷ್ಯನ ಸಹಜವಾದ ಕೊರತೆಗಳನ್ನು ಅಳೆದು ಕೊಟ್ಟ ಅವಕಾಶ. ಮಳೆಯಲ್ಲಿ ಇದನ್ನು ಮೂರು ನಾಲ್ಕು ಸೆಕೆಂಡುಗಳಿಗೆ ಏರಿಸಬೇಕು.

ಅಳೆಯುವುದೂ ಸುಲಭ. ಮುಂದಿನವನು ಒಂದು ಕಿಲೊಮೀಟರು ಕಲ್ಲನ್ನು ದಾಟಿದೊಡನೆ "ಸಾವಿರದ ಒಂದು, ಸಾವಿರದ ಎರಡು" ಎಂದು ನಿಧಾನವಾಗಿ ಎಣಿಸಿರಿ. ಎಣಿಕೆ ಮುಗಿಯುವ ಮೊದಲೇ ನೀವು ಆ ಕಲ್ಲನ್ನು ತಲಪಿದರೆ ತೀರ ಹತ್ತಿರವಿದ್ದೀರೆಂದು ಅರ್ಥ.

ನೇರವಾದ ರಸ್ತೆಯಲ್ಲಿ ಒಬ್ಬನು ತನ್ನ ಪಥದ ಬಲಬದಿಗೆ, ಮುಂದಿನವನು ಎಡಬದಿಗೆ, ಹೀಗೆ ಓರೆಯಾಗಿ ಸಾಗುವ ಪದ್ಧತಿಯೂ ಉಂಟು. ಇದರಲ್ಲಿ ನೇರ ಮುಂದಿರುವವನಿಗೆ ಎರಡು ಸೆಕೆಂಡು, ಓರೆಯಲ್ಲಿರುವವನಿಗೆ ಕನಿಷ್ಠ ಒಂದು ಸೆಕೆಂಡು ಅಂತರವಿರುತ್ತದೆ. ಇದರ ದೊಡ್ಡ ಲಾಭವೆಂದರೆ ದೃಷ್ಟಿ. ಹಿಂದಿನವನಿಗೆ ಮುಂದಾಳುವಿನ ದೀಪವೂ ಕಾಣುವುದರಿಂದ ನಾಲ್ಕು ಸೆಕೆಂಡಿಗೆ ಬರಬೇಕಾದ ಸುದ್ದಿ ಒಂದೇ ಸೆಕೆಂಡಿಗೆ ಬರಬಹುದು. ತಿರುವಿನಲ್ಲಿ ಮಾತ್ರ ಓರೆಯನ್ನು ಬಿಟ್ಟು ಒಂದೇ ಸಾಲಿಗೆ ಬರಬೇಕು. ಕಾರಣವನ್ನು ಮುಂದೆ ನೋಡೋಣ.

ತಿರುವಿನ ಲೆಕ್ಕ

ತಿರುವಿನಲ್ಲಿ ವಾಹನವನ್ನು ಒಳಕ್ಕೆ ಎಳೆಯುವ ಕೇಂದ್ರಾಭಿಮುಖ ಬಲವನ್ನೂ ಇದೇ ಘರ್ಷಣೆಯೇ ಒದಗಿಸಬೇಕು. ೫೦ ಮೀಟರು ತ್ರಿಜ್ಯದ ತಿರುವಿನಲ್ಲಿ ೬೦ ಕಿಲೊಮೀಟರು ವೇಗಕ್ಕೆ ಬೇಕಾಗುವ ಘರ್ಷಣಾಂಕ ೦.೫೭; ಸವಾರನು ಸುಮಾರು ೩೦ ಡಿಗ್ರಿ ವಾಲಬೇಕಾಗುವುದು. ಒಣಗಿದ ರಸ್ತೆಯಲ್ಲಿ ೦.೭ ಇರುವುದರಿಂದ ಅವನು ದಾಟುತ್ತಾನೆ. ಆದರೆ ನಡುವೆ ಬ್ರೇಕು ಹಾಕಬೇಕಾಗಿ ಬಂದರೆ? ಘರ್ಷಣೆಯೆಂಬುದು ಒಂದೇ ಥೈಲಿಯ ಹಣ; ತಿರುಗಲು ವೆಚ್ಚವಾದದ್ದು ನಿಲ್ಲಲು ಸಿಗದು. ಈ ಎರಡು ಬಲಗಳು ಪರಸ್ಪರ ಲಂಬವಾಗಿರುವುದರಿಂದ ಪೈಥಾಗೊರಸನ ಪ್ರಮೇಯವನ್ನು ಬಳಸಿದರೆ, ಬ್ರೇಕಿಗೆ ಉಳಿಯುವುದು ಸುಮಾರು ೦.೪ ಮಾತ್ರ. ಅಂದರೆ ಒಣಗಿದ ತಿರುವಿನಲ್ಲಿಯೂ ಬ್ರೇಕು ಮಳೆಯ ರಸ್ತೆಯಲ್ಲಿದ್ದಂತೆಯೇ ಕೆಲಸ ಮಾಡುತ್ತದೆ. ನಿಜವಾಗಿಯೂ ನೆನೆದ ರಸ್ತೆಯಾದರೆ ಈ ತಿರುವಿನಲ್ಲಿ ೫೦ ಕಿಲೊಮೀಟರು ವೇಗವೇ ಪರಮಾವಧಿ. ಹರವಿದ ಕಾಳಿನ ಮೇಲೆ ೩೬. ಅಷ್ಟರಲ್ಲಿಯೂ ಬ್ರೇಕಿಗೆಂದು ಏನೂ ಉಳಿಯುವುದಿಲ್ಲ. ವಾಲಿದ ವಾಹನಕ್ಕೆ ಪಥದ ಪೂರ್ತಿ ಅಗಲವೂ ಬೇಕಾಗುವುದರಿಂದಲೇ ತಿರುವಿನಲ್ಲಿ ಒಂದೇ ಸಾಲು ಉಚಿತ. ವೇಗವನ್ನು ತಿರುವಿಗೆ ಮೊದಲೇ ಇಳಿಸಬೇಕೆಂಬ ಮಾತಿನ ತಿರುಳೂ ಇದೇ.

ಹಿಂದುಳಿದವನ ಭ್ರಮೆ

ಇನ್ನೊಂದು ಸೂಕ್ಷ್ಮವಿದೆ. ಐವರು ಎರಡೆರಡು ಸೆಕೆಂಡಿನ ಅಂತರದಲ್ಲಿ ೪೦ ಕಿಲೊಮೀಟರು ವೇಗದಿಂದ ತಿರುವನ್ನು ದಾಟುತ್ತಿದ್ದಾರೆ. ಮೊದಲನೆಯವನಿಗೂ ಕೊನೆಯವನಿಗೂ ನಡುವೆ ೮ ಸೆಕೆಂಡು, ಎಂದರೆ ೮೯ ಮೀಟರು. ತಿರುವು ಮುಗಿದ ಮೇಲೆ ಎಲ್ಲರೂ ಕ್ರಮವಾಗಿ ೬೦ಕ್ಕೆ ಏರುತ್ತಾರೆ. ಕಾಲದ ಅಂತರ ೮ ಸೆಕೆಂಡೇ ಉಳಿದರೂ ದೂರ ೧೩೩ ಮೀಟರಿಗೆ ಹಿಗ್ಗುತ್ತದೆ. ಯಾರೂ ತಪ್ಪು ಮಾಡಿಲ್ಲ. ಆದರೆ ಕೊನೆಯವನಿಗೆ ತಾನು ಹಿಂದೆ ಬಿದ್ದೆನೆಂಬ ಭ್ರಮೆ ಹುಟ್ಟುತ್ತದೆ. ಅವನು ೮೦ ಕಿಲೊಮೀಟರಿಗೆ ಏರಿಸಿ ಮುಂದಿನ ತಿರುವನ್ನು ಅದೇ ವೇಗದಲ್ಲಿ ಹೊಗುತ್ತಾನೆ. ೫೦ ಮೀಟರು ತ್ರಿಜ್ಯದ ತಿರುವಿನಲ್ಲಿ ಆ ವೇಗಕ್ಕೆ ಬೇಕಾದ ಘರ್ಷಣಾಂಕ ಒಂದಕ್ಕೆ ಸಮ, ರಸ್ತೆಯಲ್ಲಿರುವುದು ೦.೭. ಫಲ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಗುಂಪು ಕಾಪಾಡಬೇಕಾದದ್ದು ಮೀಟರುಗಳನ್ನಲ್ಲ, ಸೆಕೆಂಡುಗಳನ್ನು. ಸಾಲು ಕಡಿದುಹೋದರೆ ಮುಂದಿನ ಊರಿನಲ್ಲಿ ಕೂಡಿಕೊಳ್ಳೋಣವೆಂದು ಹೊರಡುವಾಗಲೇ ಮಾತಾಡಿಕೊಂಡಿದ್ದರೆ ಹಿಂದಿನವನಿಗೆ ಅವಸರದ ಕಾರಣವೇ ಇರದು.

ತಲೆಯ ಮಾತು

೧೯೩೫ರ ಮೇ ೧೩ರಂದು ಇಂಗ್ಲೆಂಡಿನಲ್ಲಿ ಟಿ. ಇ. ಲಾರೆನ್ಸ್ ಎಂಬ ಪ್ರಸಿದ್ಧ ಯೋಧ ಹಾಗೂ ಲೇಖಕ, ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಮೋಟಾರ್ ಸೈಕಲ್ಲಿನಿಂದ ಎಸೆಯಲ್ಪಟ್ಟರು; ತಲೆಗೆ ಬಿದ್ದ ಪೆಟ್ಟಿನಿಂದ ಆರು ದಿನಗಳ ಮೇಲೆ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಮಿದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸಮಾಡಿ, ಶಿರಸ್ತ್ರಾಣದ ಅಗತ್ಯವನ್ನು ತೋರಿಸುವ ಪ್ರಬಂಧವನ್ನು ಅವರು ೧೯೪೧ರಲ್ಲಿ ಪ್ರಕಟಿಸಿದರು. ಇಂದಿನ ಹೆಲ್ಮೆಟ್ಟಿನ ಕಥೆಯಲ್ಲಿ ಇದೊಂದು ಮುಖ್ಯವಾದ ಘಟ್ಟ.

ಹೆಲ್ಮೆಟ್ಟಿನ ತತ್ತ್ವ ಸರಳವಾದುದು. ಒಂದೂವರೆ ಮೀಟರು ಎತ್ತರದಿಂದ ಬೀಳುವ ತಲೆ ಸೆಕೆಂಡಿಗೆ ೫.೪ ಮೀಟರು ವೇಗದಿಂದ ನೆಲವನ್ನು ಮುಟ್ಟುತ್ತದೆ. ಗಟ್ಟಿ ನೆಲದ ಮೇಲೆ ಅದು ೩ ಮಿಲಿಮೀಟರಿನಲ್ಲಿ ನಿಂತರೆ ವೇಗ ಕುಗ್ಗುವ ದರ ಗುರುತ್ವದ ೫೦೦ ಮಡಿ. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲಿನಂತಹ ಪದರ ೩ ಸೆಂಟಿಮೀಟರು ಅದುಮಿಕೊಂಡು ನಿಲ್ಲಿಸಿದರೆ ೫೦ ಮಡಿ ಮಾತ್ರ. ದೂರ ಹತ್ತು ಪಟ್ಟಾಯಿತು, ಬಲ ಹತ್ತನೆಯ ಒಂದು ಪಾಲಾಯಿತು. ಗದ್ದದ ಪಟ್ಟಿಯನ್ನು ಬಿಗಿಯದ ಹೆಲ್ಮೆಟ್ಟು ತಲೆಗಿಂತ ಮೊದಲೇ ಹಾರಿಹೋಗುವುದರಿಂದ ಅದನ್ನು ಧರಿಸಿಯೂ ಧರಿಸದಂತೆಯೇ.

ಹಿಂದೆ ಕುಳಿತವನಿಗೂ ಇದೇ ನಿಯಮ. ರಾಷ್ಟ್ರಪ್ರಶಸ್ತಿ ಪಡೆದ ಕನ್ನಡ ನಟ ಸಂಚಾರಿ ವಿಜಯ್ ಅವರು ೨೦೨೧ರ ಜೂನ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಹೋಗುತ್ತಿದ್ದಾಗ ಅಪಘಾತವಾಗಿ, ತಲೆಗೆ ತೀವ್ರವಾದ ಪೆಟ್ಟು ಬಿದ್ದು ನಿಧನರಾದರು. ಅವರ ಅಂಗಾಂಗಗಳನ್ನು ಮನೆಯವರು ದಾನಮಾಡಿದರು. ಭಾರತದಲ್ಲಿ ೨೦೨೨ರ ಒಂದೇ ವರ್ಷ ರಸ್ತೆಯ ಅಪಘಾತಗಳಲ್ಲಿ ಮಡಿದವರು ೧,೬೮,೪೯೧ ಮಂದಿ. ಅವರಲ್ಲಿ ನೂರಕ್ಕೆ ೪೪ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ.

ಹಬ್ಬಕ್ಕೋ ಜೋಗಕ್ಕೋ ಗೆಳೆಯರೊಡನೆ ಹೋಗಿಬರುವ ಸಂತೋಷವನ್ನು ವಿಜ್ಞಾನ ಬೇಡವೆನ್ನುವುದಿಲ್ಲ. ಹೊಸಬನನ್ನು ಮುಂದಾಳುವಿನ ಬೆನ್ನಿಗೇ ಇರಿಸಿ, ಅನುಭವಿಯನ್ನು ಕೊನೆಯಲ್ಲಿ ನಿಲ್ಲಿಸಿ, ನಿಧಾನದವನ ವೇಗವನ್ನೇ ಎಲ್ಲರ ವೇಗವೆಂದು ಒಪ್ಪಿಕೊಂಡು ಹೊರಟರೆ, ಮೇಲಿನ ಲೆಕ್ಕಗಳೆಲ್ಲವೂ ಸವಾರರ ಪರವಾಗಿ ತಿರುಗುತ್ತವೆ.

ಅಭ್ಯಾಸ

೧. ಗಂಟೆಗೆ ೭೨ ಕಿಲೊಮೀಟರು ವೇಗ. ಪ್ರತಿಕ್ರಿಯಾ ಕಾಲ ೧ ಸೆಕೆಂಡು. ವೇಗ ಕುಗ್ಗುವ ದರ ೫. ವಾಹನ ನಿಲ್ಲಲು ಒಟ್ಟು ಎಷ್ಟು ದೂರ ಬೇಕು?

೨. ೪೦ ಮೀಟರು ತ್ರಿಜ್ಯದ, ಘರ್ಷಣಾಂಕ ೦.೪ ಇರುವ ತಿರುವಿನಲ್ಲಿ ಪರಮಾವಧಿ ವೇಗವೆಷ್ಟು?

೩. ಆರು ಮಂದಿ ಗಂಟೆಗೆ ೭೨ ಕಿಲೊಮೀಟರು ವೇಗದಲ್ಲಿ, ೧೨ ಮೀಟರು ಅಂತರದಲ್ಲಿ ಸಾಗುತ್ತಿದ್ದಾರೆ. ಬ್ರೇಕುಗಳು ಸಮನಾಗಿದ್ದು, ಪ್ರತಿಯೊಬ್ಬನೂ ತನ್ನ ಮುಂದಿನವನಿಗಿಂತ ಒಂದು ಸೆಕೆಂಡು ತಡಮಾಡಿದರೆ ಆರನೆಯವನ ಕೊರತೆ ಎಷ್ಟು?

ಉತ್ತರಗಳು: (೧) ೬೦ ಮೀಟರು. (೨) ಸೆಕೆಂಡಿಗೆ ೧೨.೫ ಮೀಟರು, ಎಂದರೆ ಗಂಟೆಗೆ ೪೫ ಕಿಲೊಮೀಟರು. (೩) ೪೦ ಮೀಟರು.