ಬಾಳೆಯ ಸೊರಗುರೋಗವೂ ಬೂಷ್ಟುವಿದ್ಯೆಯ ದಾರಿಯೂ

ಕಂಬಂ ಕಣಿವೆಯಿಂದ ದಿಂಡಿಗಲ್‌ವರೆಗೆ ಮನೆಯಲ್ಲಿ ಕನ್ನಡವಾಡುವ ನಮ್ಮ ಒಕ್ಕಲುಮಕ್ಕಳಲ್ಲಿ ಅನೇಕರಿಗೆ ಬಾಳೆಯೇ ಆಧಾರ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬಿದ್ದು, ದಿಂಡು ಬುಡದಲ್ಲಿ ಸೀಳಿ, ಕೊಯ್ದಾಗ ಒಳಗೆ ಕೆಂಗಂದು ಗೆರೆ ಕಂಡರೆ ಅದು ಪನಾಮಾ ಸೊರಗುರೋಗವೆಂದು ಸಂಶಯಪಡತಕ್ಕದ್ದು. ನಂಜನಗೂಡಿನ ರಸಬಾಳೆಯನ್ನು ಕ್ಷೀಣಗೊಳಿಸಿದ್ದು ಇದೇ ರೋಗ.

ರೋಗದ ಕಾರಣವನ್ನು ಹಿಡಿಯುವ ವಿದ್ಯೆ ನಮ್ಮ ಮಕ್ಕಳಿಗೂ ಎಟಕುವಂಥದೇ. ನಾಲ್ಕು ವರ್ಷ ಕೃಷಿ ಅಥವಾ ತೋಟಗಾರಿಕೆಯ ಪದವಿ, ಬಳಿಕ ಎರಡು ವರ್ಷ ಸಸ್ಯರೋಗಶಾಸ್ತ್ರ, ಆಮೇಲೆ ಸಂಶೋಧನೆ. ಪೆರಿಯಕುಳದಲ್ಲಿಯೇ ತೋಟಗಾರಿಕೆ ಕಾಲೇಜಿದೆ. ರೋಗದ ದಿಂಡಿನ ಚೂರನ್ನು ಆಲೂಗಡ್ಡೆ ರಸ, ಸಕ್ಕರೆ, ಅಗರ್ ಕೂಡಿದ ಪಾಕದ ಮೇಲಿಟ್ಟು ಬೂಷ್ಟನ್ನು ಬೆಳೆಸುವುದು ಮೊದಲ ಪಾಠ. ಅದನ್ನು ಒಳ್ಳೆಯ ಗಿಡಕ್ಕೆ ತಾಕಿಸಿದಾಗ ಅದೇ ರೋಗ ಬಂದು, ಅದೇ ಬೂಷ್ಟು ಮರಳಿ ದೊರೆತರೆ ಮಾತ್ರ ಕಾರಣ ರುಜುವಾತಾಯಿತು.

ಗಟ್ಟಿಂಗೆನ್ನಿನಲ್ಲಿ ಓದಿದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದು ಅಡಿಕೆಯ ಕೊಳೆರೋಗವನ್ನು ಶೋಧಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿಗೆ ಪರಿಚಯಿಸಿದರು. ಬಾಳೆಯ ಈ ಬೂಷ್ಟಾದರೋ ಮಣ್ಣಿನಲ್ಲಿ ದಶಕಗಟ್ಟಲೆ ಅಡಗಿದ್ದು ಬೇರಿನಿಂದ ಒಳಹೊಗುತ್ತದೆ. ಎಲೆಯ ಮೇಲಿನ ಸಿಂಪಡಣೆ ಅದಕ್ಕೆ ತಟ್ಟದು. ಆದ್ದರಿಂದಲೇ ಇನ್ನೂ ಸಂಶೋಧಕರು ಬೇಕು.

ಅಷ್ಟರವರೆಗೆ ನಾವು ಹೇಳುವುದಿಷ್ಟೆ: ರೋಗದ ತೋಟದ ಕಂದನ್ನು ತರಬೇಡಿರಿ, ಅಲ್ಲಿ ಬಳಸಿದ ಗುದ್ದಲಿಯನ್ನು ಚೆನ್ನಾಗಿ ತೊಳೆಯಿರಿ, ಅಲ್ಲಿನ ನೀರು ಒಳ್ಳೆಯ ತೋಟಕ್ಕೆ ಹರಿಯದಂತೆ ಕಟ್ಟಿರಿ. ಓದಿನಲ್ಲಿ ಮನಸ್ಸಿರುವ ಮಗನನ್ನೋ ಮಗಳನ್ನೋ ಈ ವಿದ್ಯೆಗೆ ಕಳುಹಿಸಿರಿ.