ಒಂದು ಕಡಿಮೆ ಯಾಕ್ರಿ ಸರ್?

ಹುಲಸೂರ ಸೀಮೆಯ ಮಕ್ಕಳಿಗೆ ಲೆಕ್ಕ ಕಲಿಸುತ್ತ ಬಂದ ನನ್ನ ಅನುಭವ ಇಷ್ಟು: ಅಂಕಿಗೆ ಇವರು ಹೆದರುವುದಿಲ್ಲ, ಅಂಕಿಯ ಜಾಗದಲ್ಲಿ ಅಕ್ಷರ ಬಂದು ಕೂತರೆ ಪೆನ್ನು ನಿಲ್ಲುತ್ತದೆ. ಮನೆಯಲ್ಲಿ ಮರಾಠಿಯೋ ಉರ್ದುವೋ, ಶಾಲೆಯಲ್ಲಿ ಕನ್ನಡ. ಸೋಯಾಬೀನ್ ಚೀಲಗಳ ಲೆಕ್ಕವನ್ನು ಯಾವ ಭಾಷೆಯಲ್ಲಿ ಕೇಳಿದರೂ ಬಾಯಲ್ಲೇ ಹೇಳುತ್ತಾರೆ. ಎಕ್ಸ್ ಬೆಲೆ 5 ಆದರೆ 3ಎಕ್ಸ್ ಎಷ್ಟು ಎಂದು ಕೇಳಿದರೆ ಮಾತ್ರ ಹಲವರು 35 ಅಂತ ಬರೆಯುತ್ತಾರೆ. ಆ ಉತ್ತರಕ್ಕೂ ಒಂದು ತರ್ಕವಿದೆ. ಪಕ್ಕಪಕ್ಕದ 3 ಮತ್ತು 5ನ್ನು ಮೂವತ್ತೈದು ಎಂದು ಓದಿಯೇ ಅವರು ಬೆಳೆದದ್ದು. ಬೀಜಗಣಿತದಲ್ಲಿ ಪಕ್ಕಪಕ್ಕ ಬರೆದರೆ ಗುಣಾಕಾರ ಎಂಬ ಒಪ್ಪಂದವನ್ನು ಯಾರಾದರೂ ಬಿಡಿಸಿ ಹೇಳಬೇಕು.

ಎಂಟನೇ ತರಗತಿಗೆ ನಾನು ಬಣ್ಣದ ಚಾಕ್‌ಪೀಸ್ ಒಯ್ಯುತ್ತೇನೆ. ಗೊತ್ತಿಲ್ಲದ ಒಂದು ಸಂಖ್ಯೆ ನೀಲಿ, ಇನ್ನೊಂದು ಹಳದಿ. ಇದು ನನ್ನ ಉಪಾಯವಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ಬೀಜಗಣಿತ ಭಾಗದಲ್ಲಿ ಅವ್ಯಕ್ತ ರಾಶಿಗಳನ್ನು ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರಿನಿಂದಲೇ ಕರೆದ. ಆಗ ನಮ್ಮ ಪಕ್ಕದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿ. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳುತ್ತದೆ. ಎಕ್ಸ್ ಅವರಿಗೆ ಆಮೇಲೆ ತಾನಾಗಿ ಬರುತ್ತದೆ.

ಹತ್ತನೇ ತರಗತಿಯ ಸಮಾಂತರ ಶ್ರೇಢಿಯ ಕಥೆ ಬೇರೆ. 'ಎ ಪ್ಲಸ್ ಎನ್ ಮೈನಸ್ ಒನ್ ಇಂಟು ಡಿ' ಎಂದು ತರಗತಿ ಪೂರ್ತಿ ಒಪ್ಪಿಸುತ್ತದೆ. ಆ 'ಮೈನಸ್ ಒನ್' ಎಲ್ಲಿಂದ ಬಂತು ಎಂದರೆ ಮೌನ. ಅದಕ್ಕೆ ಸೂತ್ರ ಪಕ್ಕಕ್ಕಿಟ್ಟು ಹೊಲದ ಬೇಲಿ ತೆಗೆದುಕೊಂಡೆ. ಬದುವಿನಿಂದ 12 ಅಡಿಗೆ ಮೊದಲ ಕಂಬ, ಆಮೇಲೆ 8 ಅಡಿಗೊಂದು. ಇಪ್ಪತ್ತನೇ ಕಂಬ ಎಷ್ಟು ದೂರ? 12ಕ್ಕೆ 20 ಎಂಟಲೆ ಕೂಡಿಸಿ 172 ಅಂದವರೇ ಹೆಚ್ಚು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮೊದಲ್ನೇ ಕಂಬ ಅಲ್ಲೇ ಅದ ರೀ ಸರ್. ಅಲ್ಲಿಂದ ಹತ್ತೊಂಬತ್ತು ಸಲನೇ ಮುಂದ ಹೋಗಬೇಕು" ಅಂದಳು. 12ಕ್ಕೆ 152 ಕೂಡಿದರೆ 164. ಇಪ್ಪತ್ತು ಕಂಬದ ನಡುವೆ ಹತ್ತೊಂಬತ್ತೇ ಸಂದು. ಅವಳು ಕೂತ ಮೇಲೆ ಸೂತ್ರ ಬರೆದೆ. ಯಾರೂ ಅದನ್ನು ಬಾಯಿಪಾಠ ಮಾಡಬೇಕಾಗಲಿಲ್ಲ. ಮಗುವಿನ ಮಾತು ಮೊದಲು ಬರಲಿ, ಅಕ್ಷರ ಅದರ ಹಿಂದೆ ಬರಲಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮೊತ್ತಕ್ಕೆ ತಾಯಂದಿರ ಸ್ವಸಹಾಯ ಸಂಘದ ಉಳಿತಾಯವನ್ನೇ ಲೆಕ್ಕ ಮಾಡಿ ಕೊಡುತ್ತೇನೆ. ಮೊದಲ ವಾರ 10 ರೂಪಾಯಿ, ವಾರಕ್ಕೆ 5 ಹೆಚ್ಚು, 12 ವಾರ. ಕೊನೆಯ ಕಂತು 65. ಮೊದಲನೆಯದಕ್ಕೆ ಕೊನೆಯದು ಸೇರಿದರೆ 75, ಎರಡನೆಯದಕ್ಕೆ ಹನ್ನೊಂದನೆಯದು ಸೇರಿದರೂ 75. ಅಂಥ ಆರು ಜೋಡಿ, 450. ಆಮೇಲೆ ಮಹಾವೀರಾಚಾರ್ಯನ ದಾರಿ ತೋರಿಸುತ್ತೇನೆ. ಒಂಬತ್ತನೇ ಶತಮಾನದ ಈ ಜೈನ ಗಣಿತಜ್ಞ ಗಣಿತಸಾರ ಸಂಗ್ರಹದ ಆರಂಭದಲ್ಲಿ, ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಪದಗಳ ಸಂಖ್ಯೆಯಲ್ಲಿ ಒಂದು ಕಳೆ, ಅರ್ಧ ಮಾಡು, ವ್ಯತ್ಯಾಸದಿಂದ ಗುಣಿಸು, ಮೊದಲ ಪದ ಕೂಡಿಸು, ಪದಗಳ ಸಂಖ್ಯೆಯಿಂದ ಗುಣಿಸು ಎಂಬುದು ಅವನ ಕ್ರಮ. ಹನ್ನೊಂದರ ಅರ್ಧ ಐದೂವರೆ, ಐದರಿಂದ ಗುಣಿಸಿದರೆ ಇಪ್ಪತ್ತೇಳೂವರೆ, ಹತ್ತು ಕೂಡಿದರೆ ಮೂವತ್ತೇಳೂವರೆ, ಹನ್ನೆರಡರಿಂದ ಗುಣಿಸಿದರೆ ಅದೇ 450. "ಇಲ್ಲೂ ಒಂದು ಕಡಿಮೆ ಬಂತ್ರಿ ಸರ್!" ಎಂದು ಕೂಗುತ್ತಾರೆ. ಹನ್ನೆರಡು ಕಂತಿಗೆ ಹನ್ನೊಂದು ಏರಿಕೆ. ಕಂಬದ ಸಂದುಗಳೇ ಇವು ಎಂದು ಅವರೇ ಹಿಡಿದುಬಿಡುತ್ತಾರೆ.

ಒಂದು ಬಗೆಯ ಪ್ರಶ್ನೆ ನನಗೆ ಇಂದಿಗೂ ಒಪ್ಪಿಗೆಯಿಲ್ಲ: 1, 2, 4, ಮುಂದಿನ ಸಂಖ್ಯೆ ಬರೆಯಿರಿ. ದುಪ್ಪಟ್ಟು ಮಾಡುತ್ತ ಹೋದವನು 8 ಬರೆಯುತ್ತಾನೆ. ಒಂದು, ಎರಡು, ಮೂರು ಎಂದು ಕೂಡಿಸುತ್ತ ಹೋದವನು 7 ಬರೆಯುತ್ತಾನೆ. ಮೂರು ಸಂಖ್ಯೆ ಕೊಟ್ಟು ನಿಯಮವನ್ನೇ ಹೇಳದಿದ್ದರೆ ಇಬ್ಬರೂ ಸರಿ. ಒಂದೇ ಉತ್ತರಕ್ಕೆ ಅಂಕ ಕೊಟ್ಟರೆ, ಬೇರೆ ದಾರಿ ಕಂಡ ಮಗು ಮುಂದೆ ತನ್ನ ದಾರಿ ಹೇಳುವುದನ್ನೇ ಬಿಡುತ್ತದೆ. ಹಾಗಾಗಿ ಕಿರುಪರೀಕ್ಷೆಯಲ್ಲಿ ಈ ಪ್ರಶ್ನೆಯ ಕೆಳಗೆ 'ನೀವು ಹಿಡಿದ ನಿಯಮವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ' ಎಂದು ಸೇರಿಸಿದ್ದೇನೆ. ಅಂಕ ಆ ಸಾಲಿಗೆ.