ಸೂಚಿಯ ಪುನರ್ರಚನೆ

ಮೈಸೂರಿನ ದಟ್ಟಗಳ್ಳಿ ಹಿಂದೆ ಹೊಲಗಳಿಂದ ಕೂಡಿದ ಹಳ್ಳಿಯಾಗಿತ್ತು. ಇಂದು ಅದು ನಗರದ ಭಾಗ. ನಗರವು ಬೆಳೆದಂತೆ ಹೊಲಗಳು ನಿವೇಶನಗಳಾದವು. ಹೊಲಕ್ಕೆ ಪಹಣಿಯಿರುವಂತೆ ನಿವೇಶನಕ್ಕೆ ಖಾತೆಯುಂಟು. ಕ್ರಯ, ವಿಭಾಗ, ಪೌತಿಗಳಿಂದ ಹಕ್ಕು ಬದಲಾದಾಗಲೆಲ್ಲ ಒಂದು ಹೆಸರು ಅಳಿದು ಮತ್ತೊಂದು ಹೆಸರು ಸೇರುತ್ತದೆ. ಬೇಕಾದ ದಾಖಲೆ ಸಕಾಲದಲ್ಲಿ ದೊರೆಯದಿದ್ದರೆ ಒಡೆಯನಿಗೆ ಸಾಲವೂ ಇಲ್ಲ, ಪರಿಹಾರವೂ ಇಲ್ಲ.

2000ನೆಯ ಇಸವಿಯ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿತು. ಇಂತಹ ದಾಖಲೆಗಳ ಭಂಡಾರಕ್ಕೆ ದತ್ತಸಂಚಯವೆಂದು ಹೆಸರು. ಕೋಟಿಗಟ್ಟಲೆ ದಾಖಲೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಒಂದನ್ನು ಹುಡುಕುವುದು ವ್ಯರ್ಥಶ್ರಮ. ಆದುದರಿಂದ ಪುಸ್ತಕದ ಕೊನೆಯ ಪದಸೂಚಿಯಂತೆ ದತ್ತಸಂಚಯಕ್ಕೂ ಒಂದು ಸೂಚಿಯನ್ನು ಕಟ್ಟುತ್ತಾರೆ. ಅದರಲ್ಲಿ ದಾಖಲೆಯಿರುವುದಿಲ್ಲ, ದಾಖಲೆಯಿರುವ ಸ್ಥಳದ ಗುರುತು ಮಾತ್ರ ಇರುತ್ತದೆ.

ಇಂದು ಬಹುವಾಗಿ ಬಳಕೆಯಲ್ಲಿರುವ ಸೂಚಿಯ ರಚನೆಗೆ ಬಿ-ವೃಕ್ಷವೆಂದು ಹೆಸರು. ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಇದನ್ನು ರೂಪಿಸಿ 1972ರಲ್ಲಿ ವಿವರವಾದ ಲೇಖನವನ್ನು ಪ್ರಕಟಿಸಿದರು. ಮರದ ಬುಡದಿಂದ ಕೊಂಬೆಗೆ, ಕೊಂಬೆಯಿಂದ ಎಲೆಗೆ ಸಾಗುವಂತೆ ಹುಡುಕಾಟವು ಪುಟದಿಂದ ಪುಟಕ್ಕೆ ಸಾಗುತ್ತದೆ. ಪ್ರತಿ ಪುಟದಲ್ಲಿ 100 ನಮೂದುಗಳಿದ್ದರೆ ನಾಲ್ಕು ಪುಟಗಳನ್ನು ತೆರೆಯುವಷ್ಟರಲ್ಲಿ 2 ಕೋಟಿ ದಾಖಲೆಗಳಲ್ಲಿ ಬೇಕಾದುದು ಸಿಕ್ಕುತ್ತದೆ.

ಆದರೆ ಸೂಚಿಯು ಬಳಸಿದಂತೆ ಸಡಿಲವಾಗುತ್ತದೆ. ತುಂಬಿದ ಪುಟದ ನಡುವೆ ಹೊಸ ಹೆಸರು ಬಂದರೆ ಆ ಪುಟವು ಎರಡಾಗಿ ಒಡೆಯುತ್ತದೆ; ಎರಡೂ ಅರ್ಧ ಬರಿದಾಗಿ ಉಳಿಯುತ್ತವೆ. ಹಳೆಯ ಹೆಸರು ಅಳಿದಲ್ಲಿಯೂ ತೆರವು ಉಂಟಾಗುತ್ತದೆ. ಹೀಗೆ 100 ನಮೂದುಗಳು ಹಿಡಿಯುವ ಪುಟದಲ್ಲಿ 30 ಮಾತ್ರ ಉಳಿದವೆನ್ನೋಣ. ಆಗ 300 ನಮೂದುಗಳಿಗೆ ಹತ್ತು ಪುಟಗಳು ಬೇಕು. ಬರಿದಾದ ಜಾಗವನ್ನೂ ಯಂತ್ರವು ಹೊರಬೇಕು, ಓದಬೇಕು.

ಇದಕ್ಕೆ ಪರಿಹಾರವೇ ಪುನರ್ರಚನೆ. ಮೂಲ ದಾಖಲೆಗಳನ್ನು ಮತ್ತೊಮ್ಮೆ ಓದಿ, ಕ್ರಮವಾಗಿ ಜೋಡಿಸಿ, ಹೊಸ ಸೂಚಿಯನ್ನು ಕಟ್ಟಿ, ಹಳೆಯದನ್ನು ತೊಡೆದುಹಾಕುತ್ತಾರೆ. ಪುಟವೊಂದರಲ್ಲಿ 90 ನಮೂದುಗಳನ್ನು ತುಂಬಿದರೆ ಆ 300ಕ್ಕೆ ನಾಲ್ಕೇ ಪುಟಗಳು ಸಾಕು. ಉಳಿದ ತೆರವು ಮುಂದೆ ಬರುವ ಹೆಸರುಗಳಿಗೆ ಮೀಸಲು; ಪೂರ್ತಿಯಾಗಿ ತುಂಬಿದರೆ ಮರುದಿನವೇ ಪುಟಗಳು ಒಡೆಯತೊಡಗುತ್ತವೆ.

ಈ ಕೆಲಸಕ್ಕೂ ಬೆಲೆಯುಂಟು. ಹೊಸದು ಸಿದ್ಧವಾಗುವವರೆಗೆ ಎರಡು ಸೂಚಿಗಳಿಗೂ ಸ್ಥಳ ಬೇಕು. ಕೆಲವು ವಿಧಾನಗಳಲ್ಲಿ ಅಷ್ಟು ಹೊತ್ತು ದಾಖಲೆಗಳ ತಿದ್ದುಪಡಿಯನ್ನು ನಿಲ್ಲಿಸಬೇಕಾಗುತ್ತದೆ. ಅಲ್ಪಸ್ವಲ್ಪ ತೆರವು ಹೊಸ ನಮೂದುಗಳಿಂದ ತಾನಾಗಿಯೇ ತುಂಬುವುದೂ ಉಂಟು. ಆದುದರಿಂದ ಅಳೆದು ನೋಡಿ, ಅಗತ್ಯವಿದ್ದಾಗ ಮಾತ್ರ ಪುನರ್ರಚನೆಗೆ ಕೈಹಾಕುವುದು ಜಾಣತನ.

ಸೂಚಿಯು ಹಾಳಾದರೆ ದಾಖಲೆಗಳಿಂದ ಅದನ್ನು ಮತ್ತೆ ಕಟ್ಟಬಹುದು. ದಾಖಲೆಯೇ ನಾಶವಾದರೆ ಸೂಚಿಯಿಂದ ಅದನ್ನು ಪಡೆಯಲಾಗದು. ದಾರಿಯನ್ನು ಆಗಾಗ ಹಸನುಗೊಳಿಸಬೇಕು. ಊರನ್ನು ಸದಾ ಕಾಪಾಡಬೇಕು.

ಪ್ರಶ್ನೆಗಳು

1. ಸೂಚಿಗೂ ದಾಖಲೆಗೂ ಇರುವ ವ್ಯತ್ಯಾಸವೇನು?
2. ಸೂಚಿಯಲ್ಲಿ ತೆರವು ಉಂಟಾಗುವ ಎರಡು ಕಾರಣಗಳನ್ನು ಬರೆಯಿರಿ.
3. ‘ದಾರಿಯನ್ನು ಆಗಾಗ ಹಸನುಗೊಳಿಸಬೇಕು, ಊರನ್ನು ಸದಾ ಕಾಪಾಡಬೇಕು.’ ಈ ಮಾತನ್ನು ವಿವರಿಸಿರಿ.